ಕಡಲ ದಿಬ್ಬದ ಲೋಳೆಸರ ಎರೆ ನೆಲದಲ್ಲಿ ಕೊಳೆಯುವುದೇಕೆ?

ಪ್ರಶ್ನೆ: ನಮ್ಮದು ದಾವಣಗೆರೆ ತಾಲ್ಲೂಕಿನ ಎರೆ ಜಮೀನು. ಮರದಂತೆ ಒಂಟಿ ಬೊಡ್ಡೆಯ ಮೇಲೆ ಬೆಳೆಯುವ ಲೋಳೆಸರ ಎಂದು ಹೇಳಿ ನರ್ಸರಿಯವರು ಎರಡು ಗಿಡ ಕೊಟ್ಟರು. ಚೀಟಿಯಲ್ಲಿ ‘ಆಲೋ ತ್ರಾಸ್ಕಿಯೈ, ಸಮುದ್ರ ತೀರದ ಜಾತಿ’ ಎಂದಿತ್ತು. ಮನೆ ಮುಂದೆ ಗುಂಡಿ ತೆಗೆದು ನೆಟ್ಟದ್ದು ಹಿಂಗಾರಿನಲ್ಲಿ ಬುಡ ಕೊಳೆತು ಬಿತ್ತು. ಇನ್ನೊಂದು 12 ಇಂಚಿನ ಕುಂಡದಲ್ಲಿದೆ. ಕಡಲ ಗಿಡಕ್ಕೆ ಉಪ್ಪು ಬೇಕು ಎಂದು ಯಾರೋ ಹೇಳಿದ್ದರಿಂದ ಅದಕ್ಕೆ ಒಂದು ಚಮಚ ಉಪ್ಪು ಹಾಕಿದೆ. ಈಗ ಎಲೆಗಳ ತುದಿ ಒಣಗುತ್ತಿದೆ. ಈ ಗಿಡ ನಮ್ಮ ಕಡೆ ಬದುಕುತ್ತದೆಯೇ? ನೆಲಕ್ಕೆ ಹೇಗೆ, ಯಾವಾಗ ನೆಡಬೇಕು? ಮರಿ ಕೊಡುತ್ತದೆಯೇ? ಇದರ ಲೋಳೆಯನ್ನು ಮಾಮೂಲಿ ಲೋಳೆಸರದಂತೆ ಬಳಸಬಹುದೇ?

ಉತ್ತರ: ಬದುಕುತ್ತದೆ. ದಾವಣಗೆರೆ, ಚಿತ್ರದುರ್ಗದ ಬಿಸಿಲು, ಗಾಳಿ, ಚಳಿ ಯಾವುದೂ ಇದಕ್ಕೆ ಮಾರಕವಲ್ಲ. ನಿಮ್ಮ ಮೊದಲ ಗಿಡವನ್ನು ಕೊಂದದ್ದು ಎರೆ ಮಣ್ಣಿನ ಗುಂಡಿ. ಕುಂಡದ ಗಿಡಕ್ಕೆ ದಯವಿಟ್ಟು ಇನ್ನೊಂದು ಚಿಟಿಕೆ ಉಪ್ಪನ್ನೂ ಹಾಕಬೇಡಿ. ಸಮುದ್ರ ತೀರದಲ್ಲಿ ಈ ಗಿಡಕ್ಕೆ ಆಸರೆಯಾಗಿರುವುದು ಅಲ್ಲಿನ ಮರಳು. ಉಪ್ಪನ್ನು ಅದು ತಡೆದುಕೊಳ್ಳುತ್ತದೆ, ಅಷ್ಟೇ.

ಗಿಡ ಬಂದ ಜಾಗ ಗೊತ್ತಾದರೆ ಆರೈಕೆ ತಾನಾಗಿಯೇ ತಿಳಿಯುತ್ತದೆ. ಆಲೋ ತ್ರಾಸ್ಕಿಯೈ ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯದು. ಕ್ವಾಜುಲು-ನಟಾಲ್ ಮತ್ತು ಈಸ್ಟರ್ನ್ ಕೇಪ್ ಪ್ರಾಂತ್ಯಗಳ ಕಡಲಂಚಿನ ಮರಳು ದಿಬ್ಬಗಳಲ್ಲಿ, ಅಲ್ಲಿನ ಕುರುಚಲು ಪೊದೆಗಳ ನಡುವೆ ಬೆಳೆಯುತ್ತದೆ. ಭರತದ ನೀರು ಮುಟ್ಟುವ ಗೆರೆಯಿಂದ ಕೆಲವೇ ಮೀಟರ್ ದೂರದಲ್ಲೂ ಕಾಣಸಿಗುತ್ತದೆ. ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಜಾನ್ ಗಿಲ್ಬರ್ಟ್ ಬೇಕರ್ 1880ರಲ್ಲಿ ಇದನ್ನು ವಿವರಿಸಿ ಹೆಸರು ಕೊಟ್ಟರು. ಕರಾವಳಿಯ ಉದ್ದಕ್ಕೂ ಮನೆ, ರೆಸಾರ್ಟು, ರಸ್ತೆಗಳು ಎದ್ದಂತೆ ಇದರ ನೆಲೆ ಕುಗ್ಗುತ್ತಿದೆ. ಹಾಗಾಗಿ ನಿಮ್ಮ ಕೈಗೆ ಬಂದ ಗಿಡವನ್ನು ಉಳಿಸಿಕೊಳ್ಳುವುದಕ್ಕೆ ಬೆಲೆಯಿದೆ.

ಮೊದಲು ನಿಮ್ಮಲ್ಲಿರುವುದು ಅದೇ ಜಾತಿಯೇ ಎಂದು ನೋಡಿಕೊಳ್ಳಿ. ನರ್ಸರಿ ಚೀಟಿಗಳಲ್ಲಿ ಒಂಟಿ ಬೊಡ್ಡೆಯ ಆಲೋಗಳ ಹೆಸರು ಅದಲುಬದಲಾಗುವುದು ಸಾಮಾನ್ಯ. ತ್ರಾಸ್ಕಿಯೈ ಎಲೆ ಉದ್ದ. ಬಲಿತ ಗಿಡದಲ್ಲಿ ಒಂದೂವರೆ ಮೀಟರ್ ವರೆಗೂ ಹೋಗುತ್ತದೆ. ಎಲೆಯ ಮೇಲ್ಮೈ ಆಳವಾದ ದೋಣಿಯಂತೆ ಕುಳಿದಿರುತ್ತದೆ. ಎಲೆ ಮೊದಲು ಮೇಲಕ್ಕೆದ್ದು, ಆಮೇಲೆ ಕಮಾನಾಗಿ ಬಾಗಿ, ಹಳೆಯ ಎಲೆಗಳ ತುದಿ ಬೊಡ್ಡೆಯ ಕಡೆಗೇ ತಿರುಗುತ್ತದೆ. ಅಂಚಿನಲ್ಲಿ ತೆಳುವಾದ ಕೆಂಪು ಗೆರೆ, ಅದರ ಮೇಲೆ ಕೆಂಗಂದು ಬಣ್ಣದ ಸಣ್ಣ ಮುಳ್ಳು ಇರುತ್ತವೆ. ಎಲೆಯ ಮೈಮೇಲೆಲ್ಲ ಮುಳ್ಳಿದ್ದರೆ ಅದು ಮಾರ್ಲೋಥಿಯೈ ಅಥವಾ ಫೆರಾಕ್ಸ್ ಇರಬಹುದು. ಅವು ಒಳನಾಡಿನ ಗುಡ್ಡಗಳ ಗಟ್ಟಿಮುಟ್ಟಾದ ಜಾತಿಗಳು, ಅವಕ್ಕೂ ಕೆಳಗಿನ ಕ್ರಮವೇ ಸಾಕು. ಎಳೆಯ ಗಿಡಗಳಲ್ಲಿ ಈ ವ್ಯತ್ಯಾಸ ಅಷ್ಟು ಸ್ಪಷ್ಟವಿರುವುದಿಲ್ಲ, ಎಲೆ ಎರಡಡಿ ದಾಟಿದ ಮೇಲೆ ಖಚಿತವಾಗುತ್ತದೆ. ಗಿಡ ಸಾಮಾನ್ಯವಾಗಿ ಆಳೆತ್ತರ ಬೆಳೆಯುತ್ತದೆ, ಅನುಕೂಲವಿದ್ದರೆ 4 ಮೀಟರ್ ವರೆಗೂ ಏರುತ್ತದೆ. ಕವಲೊಡೆದ ಹೂಗೊನೆಯಲ್ಲಿ ನೆಟ್ಟಗೆ ನಿಲ್ಲುವ ದಪ್ಪ ತೆನೆಗಳಿರುತ್ತವೆ. ಹೂವು ನಿಂಬೆ ಹಳದಿ, ಹೊರಚಾಚಿದ ಕೇಸರಗಳು ಕಿತ್ತಳೆ ಬಣ್ಣ. ಅಲ್ಲಿ ಹೂ ಬಿಡುವುದು ಅವರ ಚಳಿಗಾಲವಾದ ಜೂನ್–ಜುಲೈನಲ್ಲಿ. ನಮ್ಮ ಗೋಳಾರ್ಧದಲ್ಲಿ ಡಿಸೆಂಬರ್–ಜನವರಿ ಸುಮಾರಿಗೆ ನಿರೀಕ್ಷಿಸಬಹುದು. ಆಗ ಸೂರಕ್ಕಿಗಳು ಮಕರಂದಕ್ಕೆ ಮುತ್ತುತ್ತವೆ.

ಈಗ ಮಣ್ಣಿನ ವಿಷಯಕ್ಕೆ ಬರೋಣ. ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲೇ.

ದಿಬ್ಬದ ಮರಳಿನಲ್ಲಿ ಕಣ ದಪ್ಪ, ಕಣಗಳ ನಡುವಿನ ಸಂದೂ ದೊಡ್ಡದು. ಎಷ್ಟೇ ಜೋರು ಮಳೆ ಬಂದರೂ ನೀರು ಕೆಲವೇ ನಿಮಿಷದಲ್ಲಿ ಕೆಳಗಿಳಿದು, ಅದರ ಹಿಂದೆಯೇ ಗಾಳಿ ಒಳಬರುತ್ತದೆ. ಬೇರು ತೇವ ಹೀರುವಾಗಲೂ ಉಸಿರಾಡುತ್ತಿರುತ್ತದೆ. ಎರೆ ಮಣ್ಣಿನ ಜೇಡಿ ಇದಕ್ಕೆ ತದ್ವಿರುದ್ಧ. ನೆನೆದಾಗ ಉಬ್ಬಿ ಸಂದುಗಳನ್ನೆಲ್ಲ ಮುಚ್ಚುತ್ತದೆ. ಅಂಥ ನೆಲದಲ್ಲಿ ಗುಂಡಿ ತೆಗೆದು ಅದರಲ್ಲಿ ಸಡಿಲ ಮಣ್ಣು ತುಂಬಿದಿರಿ ಎಂದರೆ, ಸುತ್ತಲಿನ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಹೊರಹೋಗಲು ದಾರಿಯಿಲ್ಲದೆ ಗುಂಡಿಯೇ ತೊಟ್ಟಿಯಾಗುತ್ತದೆ. ಗಾಳಿ ಸಿಗದೆ ಮೊದಲು ಬೇರಿನ ತುದಿ ಸಾಯುತ್ತದೆ. ಸತ್ತ ಬೇರಿನ ಮೂಲಕ ಫ್ಯುಸೇರಿಯಂ, ಪಿಥಿಯಂನಂಥ ಶಿಲೀಂಧ್ರಗಳೂ ಮೆದುಕೊಳೆ ತರುವ ಬ್ಯಾಕ್ಟೀರಿಯಾಗಳೂ ಬುಡಕ್ಕೆ ಏರುತ್ತವೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಮಳೆಯೇ ಜೋರು. ನಿಮ್ಮ ಗಿಡ ಹಿಂಗಾರಿನಲ್ಲಿ ಬಿದ್ದದ್ದು ಇದೇ ಕಾರಣಕ್ಕೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಡುವಾಗ ಉಳಿದ ಬೇರನ್ನೂ ಹರಿಯುತ್ತದೆ.

ಎರೆ ಮಣ್ಣಿಗೆ ಒಂದೆರಡು ಬುಟ್ಟಿ ಮರಳು ಬೆರೆಸಿದರೆ ಸರಿಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಸರಿಹೋಗುವುದಿಲ್ಲ. ಸ್ವಲ್ಪ ಮರಳು ಜೇಡಿಯೊಳಗೆ ಹುದುಗಿ ಹೋಗುತ್ತದೆ, ಒಣಗಿದಾಗ ಮಣ್ಣು ಇನ್ನಷ್ಟು ಗಟ್ಟಿಯಾಗುತ್ತದೆ. ದಪ್ಪ ಕಣಗಳದೇ ಮೇಲುಗೈಯಾದಾಗ ಮಾತ್ರ ನೀರಿಗೆ ದಾರಿಯಾಗುತ್ತದೆ. ಆದ್ದರಿಂದ ಎರೆ ನೆಲವನ್ನು ತಿದ್ದುವ ಗೋಜಿಗೇ ಹೋಗದೆ ಅದರ ಮೇಲೆ ದಿಬ್ಬ ಕಟ್ಟಿ.

ದಿಬ್ಬದ ಲೆಕ್ಕ ಹೀಗಿದೆ. ತಳದಲ್ಲಿ 2 ಮೀಟರ್ ಅಗಲ, ಮೇಲೆ 1.2 ಮೀಟರ್ ಅಗಲ, ಎತ್ತರ 50 ಸೆಂಟಿಮೀಟರ್. ಇದಕ್ಕೆ ಸುಮಾರು 35 ಘನ ಅಡಿ ಮಿಶ್ರಣ ಬೇಕು. ಅದರಲ್ಲಿ ಅರ್ಧ ಪಾಲು ದಪ್ಪ ಮರಳು ಅಥವಾ 3ರಿಂದ 6 ಮಿ.ಮೀ ಕಲ್ಲುಚೂರು. ಮೂರನೇ ಒಂದು ಪಾಲಿನಷ್ಟು ಗರಸು ಬೆರೆತ ಕೆಮ್ಮಣ್ಣು. ಉಳಿದದ್ದು ಚೆನ್ನಾಗಿ ಕಳಿತ ಹಳೆಯ ಕೊಟ್ಟಿಗೆ ಗೊಬ್ಬರ ಮತ್ತು ಇಟ್ಟಿಗೆ ಚೂರು ಸಮಸಮ. ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಗುಡ್ಡದ ಬುಡದಲ್ಲಿ ಜಮೀನಿದ್ದವರಿಗೆ ಇಷ್ಟು ಕೆಲಸವಿಲ್ಲ. ಅಲ್ಲಿನ ಗರಸು ನೆಲಕ್ಕೆ ಒಂದಡಿ ಏರಿಸಿದ ದಿಬ್ಬ ಸಾಕು, ಮರಳೂ ಕಡಿಮೆ ಸಾಕು. ಎಂ ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ನೀರಿನಲ್ಲಿ ತೊಳೆಯಲೇಬೇಕು. ಅದರಲ್ಲಿರುವ ಕಲ್ಲಿನ ಹಿಟ್ಟು ಕೆಳಗಿಳಿದು ಸಿಮೆಂಟಿನಂತೆ ಕೂರುತ್ತದೆ. ಸಮುದ್ರದ ಮರಳನ್ನಂತೂ ತರಿಸಬೇಡಿ.

ನೆಡುವ ಜಾಗವನ್ನು ಪರೀಕ್ಷಿಸಲು ಒಂದಡಿ ಆಳದ ಕುಳಿ ತೆಗೆದು ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ಗಂಟೆಗೆ ಎಷ್ಟು ಇಳಿಯಿತು ಎಂದು ಕೋಲಿನಲ್ಲಿ ಅಳೆಯಿರಿ. 5 ಸೆಂಟಿಮೀಟರಿಗಿಂತ ಹೆಚ್ಚು ಇಳಿದರೆ ಕಡಿಮೆ ಎತ್ತರದ ದಿಬ್ಬ ನಡೆಯುತ್ತದೆ. ಮರುದಿನವೂ ನೀರು ನಿಂತಿದ್ದರೆ ಮೇಲಿನ ಅಳತೆಯಲ್ಲಿ ಒಂದಿಂಚೂ ಕಡಿಮೆ ಮಾಡಬೇಡಿ. ದಿಬ್ಬದ ಸುತ್ತ ಒಂದು ಸಣ್ಣ ಕಾಲುವೆ ತೆಗೆದು ನೀರು ತಗ್ಗಿನ ಕಡೆ ಹರಿಯುವಂತೆ ಮಾಡಿ. ಭದ್ರಾ ನಾಲೆಯ ನೀರು ಹರಿಯುವ ಗದ್ದೆಗೆ ತಾಗಿದ ಜಾಗವಾದರೆ ನೆಲದಡಿಯ ನೀರೇ ಮೇಲಿರುತ್ತದೆ. ಅಂಥಲ್ಲಿ ನೆಲಕ್ಕೆ ನೆಡುವುದಕ್ಕಿಂತ ದೊಡ್ಡ ಕುಂಡವೇ ಕ್ಷೇಮ.

ಉಪ್ಪಿನ ವಿಚಾರ. ಕಡಲ ಗಾಳಿ ತರುವ ಉಪ್ಪು ಬೀಳುವುದು ಎಲೆಯ ಮೇಲೆ. ಎಲೆಗೆ ದಪ್ಪ ಸಿಪ್ಪೆ, ಅದರ ಮೇಲೆ ಮೇಣದ ಲೇಪವಿದೆ. ಜೊತೆಗೆ ಈ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ರಾತ್ರಿ ಒಳತೆಗೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು ಹಗಲು ಬಳಸುತ್ತವೆ. ಹಾಗಾಗಿ ಬಿಸಿಲು, ಉಪ್ಪುಗಾಳಿ ಎರಡಕ್ಕೂ ಎಲೆ ಜಗ್ಗುವುದಿಲ್ಲ. ಬೇರಿನ ಬುಡದಲ್ಲಿ ಉಪ್ಪು ನಿಲ್ಲುವುದಕ್ಕೆ ಅಲ್ಲಿನ ಮಳೆ ಬಿಡುವುದಿಲ್ಲ. ಡರ್ಬನ್ ಸುತ್ತಮುತ್ತ ವರ್ಷಕ್ಕೆ ಸುಮಾರು 1000 ಮಿ.ಮೀ ಮಳೆ ಬಿದ್ದು ಮರಳನ್ನು ತೊಳೆಯುತ್ತಲೇ ಇರುತ್ತದೆ. ಕುಂಡಕ್ಕೆ ನೀವು ಹಾಕಿದ ಉಪ್ಪು ಎಲ್ಲಿಗೂ ಹೋಗದೆ ಬೇರಿನ ಸುತ್ತಲೇ ಕೂತಿದೆ. ಮಣ್ಣಿನ ನೀರು ಉಪ್ಪಾದಷ್ಟೂ ಬೇರಿಗೆ ಅದನ್ನು ಹೀರುವುದು ಕಷ್ಟ. ಅದರ ಗುರುತೇ ತುದಿ ಒಣಗುವುದು. ಜೇಡಿ ಮಣ್ಣಿನಲ್ಲಾದರೆ ಇನ್ನೊಂದು ಕೇಡೂ ಇದೆ: ಸೋಡಿಯಂ ಕ್ಯಾಲ್ಸಿಯಮ್ಮನ್ನು ತಳ್ಳಿ ಜೇಡಿಯ ಕಣಗಳಿಗೆ ಅಂಟಿಕೊಂಡು, ಕಣಗಳು ಚದುರಿ ಸಂದು ಮುಚ್ಚುತ್ತವೆ. ಸವುಳು ಹಿಡಿದ ಜಮೀನಿನಲ್ಲಿ ನೀರು ಇಂಗದೆ ನಿಲ್ಲುವುದು ಹೀಗೆಯೇ. ಹಿರಿಯೂರು ಭಾಗದ ನೀರಾವರಿ ಎರೆಯಲ್ಲಿ ಇದನ್ನು ಕಂಡವರಿಗೆ ಮತ್ತೆ ಹೇಳಬೇಕಿಲ್ಲ.

ಕುಂಡದ ಗಿಡಕ್ಕೆ ಈಗಲೇ ಮಾಡಬೇಕಾದ ಕೆಲಸವಿದೆ. ನಾಲ್ಕೈದು ದಿನ ನೀರು ನಿಲ್ಲಿಸಿ, ಮಣ್ಣು ಒಣಗಿದ ಮೇಲೆ ಗಿಡವನ್ನು ಹೊರತೆಗೆಯಿರಿ. ಹಳೆ ಮಣ್ಣನ್ನು ಉದುರಿಸಿ ಬೇರನ್ನು ಒಂದೊಂದಾಗಿ ನೋಡಿ. ಆರೋಗ್ಯವಂತ ಬೇರು ದಪ್ಪ, ಹಳದಿ ಛಾಯೆ, ಬೆರಳಿಗೆ ಗಟ್ಟಿ. ಕೊಳೆತ ಬೇರನ್ನು ಹಿಡಿದೆಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂದು, ಒಳಗಿನ ದಾರದಂಥ ನಾರು ಮಾತ್ರ ಉಳಿಯುತ್ತದೆ. ಅಂಥವನ್ನೆಲ್ಲ ಚೊಕ್ಕ ಚಾಕುವಿನಿಂದ ಕತ್ತರಿಸಿ. ಪ್ರತಿ ಕತ್ತರಿಕೆಯ ನಂತರ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಬೇರನ್ನು ಒಮ್ಮೆ ಮಳೆ ನೀರಿನಲ್ಲಿ ತೊಳೆದು, ಗಾಯ ಒಣಗುವವರೆಗೆ, ಅಂದರೆ ಒಂದು ವಾರ, ಗಾಳಿಯಾಡುವ ನೆರಳಿನಲ್ಲಿಡಿ. ವಾರವೆಲ್ಲ ಬೇರು ಹೊರಗಿದ್ದರೆ ಗಿಡ ಸಾಯುತ್ತದೆ ಎಂಬ ಆತಂಕ ಬೇಡ. ಎಲೆಯಲ್ಲಿರುವ ನೀರು ಅದಕ್ಕೆ ಇನ್ನೂ ಎಷ್ಟೋ ದಿನಕ್ಕೆ ಸಾಕು.

ಕೊಳೆ ಬೇರಿನಲ್ಲೇ ನಿಂತಿದ್ದರೆ ಗಿಡ ಉಳಿಯುತ್ತದೆ. ಬುಡಕ್ಕೆ ಏರಿದ್ದರೆ ಕಂದು ಬಣ್ಣ ಪೂರ್ತಿ ಹೋಗಿ ಬಿಳಿ ತಿರುಳು ಕಾಣುವವರೆಗೆ ಕೊಯ್ದು, ಕೊಯ್ದ ಜಾಗಕ್ಕೆ ತಾಮ್ರದ ಆಕ್ಸಿಕ್ಲೋರೈಡ್ ಪುಡಿ ಸವರಿ, ಎರಡು ವಾರ ಒಣಗಿಸಿ, ಒಣ ಮರಳಿನ ಮೇಲೆ ನಿಲ್ಲಿಸಿ ನೋಡಬಹುದು. ಆದರೆ ಸುಳಿ ಕೊಳೆತಿದ್ದರೆ ಯಾವ ಔಷಧಿಯೂ ಕೆಲಸಕ್ಕೆ ಬಾರದು. ನಟ್ಟನಡುವಿನ ಎಲೆಯನ್ನು ಹಗುರವಾಗಿ ಎಳೆಯಿರಿ. ಅದು ನಾರುವ ಲೋಳೆಯ ಸಮೇತ ಕಿತ್ತು ಬಂದರೆ ಗಿಡ ಹೋದಂತೆ. ತೆಂಗು ಬೆಳೆಯುವವರು ಸುಳಿಕೊಳೆಯಲ್ಲಿ ಇದನ್ನು ನೋಡಿರುತ್ತಾರೆ. ಒಂಟಿ ಬೊಡ್ಡೆಯ ಗಿಡಕ್ಕೆ ಬೆಳೆಯುವ ಜಾಗ ಅದೊಂದೇ.

ಮತ್ತೆ ಕುಂಡಕ್ಕೇ ಹಾಕುವುದಾದರೆ ದಿಬ್ಬಕ್ಕೆ ಹೇಳಿದ ಮಿಶ್ರಣವನ್ನೇ ಬಳಸಿ, ಗೊಬ್ಬರ ಮಾತ್ರ ಇನ್ನೂ ಅರ್ಧಕ್ಕಿಳಿಸಿ. ಕುಂಡದ ತಳಕ್ಕೆ ಜಲ್ಲಿ ಹಾಸುವ ಅಭ್ಯಾಸ ಬಿಡಿ. ಮೇಲಿನ ನುಣ್ಣನೆ ಮಣ್ಣಿನಿಂದ ಕೆಳಗಿನ ದಪ್ಪ ಜಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲ್ಗಡೆಯೇ ಒದ್ದೆ ಪದರ ನಿಂತು ಬೇರಿಗೆ ಹತ್ತಿರವಾಗುತ್ತದೆ. ತೂತಿನ ಮೇಲೆ ಒಂದು ಬೋಕಿ ಚೂರು ಸಾಕು. ಒಂದು ಲೀಟರ್ ನೀರು ಸುರಿದರೆ ಒಂದು ನಿಮಿಷದೊಳಗೆ ಕೆಳಗೆ ತೊಟ್ಟಿಕ್ಕಲು ಶುರುವಾಗಬೇಕು. ಗಡಸು ಬೋರ್ ನೀರಾದರೆ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದು ಮಣ್ಣಿನೊಳಗೂ ಲವಣ ಕೂಡುತ್ತಿರುವ ಸೂಚನೆ. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ, ಕುಂಡದ ಗಾತ್ರದ ಎರಡರಷ್ಟು ಮಳೆ ನೀರನ್ನೋ ಸಿಹಿ ನೀರನ್ನೋ ನಿಧಾನಕ್ಕೆ ಹರಿಯಬಿಟ್ಟು ತೊಳೆಯಿರಿ.

ನೆಲಕ್ಕೆ ನೆಡಲು ದೀಪಾವಳಿ ಮುಗಿದು ಮಳೆ ಹಿಂದೆ ಸರಿದ ಮೇಲಿನಿಂದ ಸಂಕ್ರಾಂತಿವರೆಗಿನ ಕಾಲ ಒಳ್ಳೆಯದು. ಬೇಸಿಗೆಗೆ ಮುಂಚೆ ಬೇರು ಹರಡಲು ಎರಡು ಮೂರು ತಿಂಗಳು ಸಿಗುತ್ತದೆ. ಚಳಿಯ ಭಯವಿಲ್ಲ. ಈ ಜಾತಿಗೆ ಆಗದಿರುವುದು ಹಿಮ ಬೀಳುವ ಚಳಿ, ಅದು ನಮ್ಮಲ್ಲಿಲ್ಲ. ಕುಂಡದಲ್ಲಿ ಮಣ್ಣು ಎಲ್ಲಿಯವರೆಗಿತ್ತೋ ಅದಕ್ಕಿಂತ ಒಂದಿಂಚು ಮೇಲಿರುವಂತೆಯೇ ನೆಡಿ, ಏಕೆಂದರೆ ಸಡಿಲ ದಿಬ್ಬ ಕುಸಿದು ಕೂರುತ್ತದೆ. ಕೆಳಗಿನ ಎಲೆಯ ಬುಡ ಮಣ್ಣಿಗೆ ತಾಗಬಾರದು. ಬುಡದ ಸುತ್ತ ಹಿಡಿಗಾತ್ರದ ನಾಲ್ಕೈದು ಕಲ್ಲು ಒತ್ತಿಡಿ. ಆಷಾಢದ ಗಾಳಿಗೆ ಗಿಡ ಅಲುಗಿದರೆ ಹೊಸ ಬೇರು ಮತ್ತೆ ಮತ್ತೆ ಹರಿಯುತ್ತದೆ. ಮೇಲ್ಹೊದಿಕೆಗೆ ಕಲ್ಲುಚೂರು ಸರಿ. ತರಗು, ಹುಲ್ಲು, ತೆಂಗಿನ ನಾರು ಬುಡಕ್ಕೆ ಬೇಡ.

ನೆಟ್ಟ ದಿನ ನೀರು ಹಾಕಬೇಡಿ. ಒಂದು ವಾರ ಬಿಟ್ಟು ಮೊದಲ ನೀರು ಕೊಡಿ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಬೇಕು. ಲೋಳೆಸರ ಎಂದರೆ ಮರುಭೂಮಿಯ ಗಿಡ, ನೀರೇ ಬೇಡ ಎಂದುಕೊಂಡು ಬೇಸಿಗೆಯಲ್ಲಿ ಒಣಗಿಸುವವರಿದ್ದಾರೆ. ತ್ರಾಸ್ಕಿಯೈ ಒಳ್ಳೆಯ ಮಳೆ ಮತ್ತು ತೇವದ ಗಾಳಿಯಿರುವ ನಾಡಿನದು, ಮಳೆಯೂ ಅಲ್ಲಿ ಬೇಸಿಗೆಯದೇ. ಚಳ್ಳಕೆರೆಯಂಥ ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕಿನಲ್ಲಿ ಅದಕ್ಕೆ ಹುಟ್ಟೂರಿನ ಅರ್ಧದಷ್ಟು ಮಳೆ ಸಿಗುವುದೇ ಹೆಚ್ಚು. ಹಾಗಾಗಿ ಫೆಬ್ರುವರಿಯಿಂದ ಮೇ ವರೆಗೆ ಎಳೆಯ ಗಿಡಕ್ಕೆ ಹತ್ತು ದಿನಕ್ಕೊಮ್ಮೆ 3 ಲೀಟರ್, ಬಲಿತದ್ದಕ್ಕೆ 6ರಿಂದ 8 ಲೀಟರ್ ಕೊಡಿ. ಬೊಡ್ಡೆಯಿಂದ ಒಂದಡಿ ದೂರದಲ್ಲಿ ಸುತ್ತಲೂ ಹಾಕಿ. ಚಳಿಗಾಲದಲ್ಲಿ ಮೂರು ವಾರಕ್ಕೊಮ್ಮೆ ಸಾಕು. ಮುಂಗಾರು–ಹಿಂಗಾರಿನಲ್ಲಿ ಇಪ್ಪತ್ತು ದಿನ ಮಳೆ ಕೈಕೊಟ್ಟರೆ ಮಾತ್ರ. ಪೈಪಿನಿಂದ ತಲೆಯ ಮೇಲೆ ನೀರು ಬಿಡಬೇಡಿ. ದೋಣಿಯಂಥ ಎಲೆಗಳು ನೀರನ್ನು ನೇರ ಸುಳಿಯ ಬುಡಕ್ಕೇ ಒಯ್ಯುತ್ತವೆ. ನಮ್ಮ ಧೂಳು ಅದರ ಜೊತೆ ಸೇರಿ ಅಲ್ಲಿ ಕೆಸರಾಗುತ್ತದೆ.

ಬಾಯಾರಿದ ಗಿಡ, ನೀರು ಹೆಚ್ಚಾದ ಗಿಡ ಎರಡೂ ದೂರದಿಂದ ಒಂದೇ ತರಹ ಸೊರಗಿ ಕಾಣುತ್ತವೆ. ಎಲೆಯ ಬುಡವನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ. ಎಲೆ ತೆಳ್ಳಗಾಗಿ, ದೋಣಿ ಇನ್ನಷ್ಟು ಮುಚ್ಚಿಕೊಂಡು, ಬುಡ ಮಾತ್ರ ಗಟ್ಟಿಯಿದ್ದರೆ ನೀರು ಸಾಲದು. ಬುಡ ಮೆತ್ತಗಾಗಿ, ಹಳದಿ ತಿರುಗಿ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಂಡರೆ ಬೇರು ಕೊಳೆಯುತ್ತಿದೆ. ಎರಡನೆಯದಕ್ಕೆ ನೀರು ಹಾಕಿದರೆ ಕೊಂದಂತೆಯೇ.

ಬಿಸಿಲು ಪೂರ್ತಿ ಬೇಕು, ಆದರೆ ನೆರಳುಬಲೆಯ ಕೆಳಗೆ ಬೆಳೆದ ನರ್ಸರಿ ಗಿಡವನ್ನು ಏಕ್‌ದಂ ಬಿಸಿಲಿಗೆ ಇಡಬಾರದು. ಮೊದಲ ವಾರ ಬೆಳಗಿನ ಎರಡು ಗಂಟೆ, ಆಮೇಲೆ ವಾರಕ್ಕೆ ಒಂದೆರಡು ಗಂಟೆಯಂತೆ ಏರಿಸಿ. ಮೊದಲ ಬೇಸಿಗೆಯಲ್ಲಿ ಮಧ್ಯಾಹ್ನ ಮೂರರ ಬಿಸಿಲಿಗೆ ಪಶ್ಚಿಮದ ಕಡೆಯಿಂದ ಸ್ವಲ್ಪ ಮರೆ ಕೊಡಿ. ಎಲೆ ಕೆಂಪು ತಿರುಗಿದರೆ ಅದು ರೋಗವಲ್ಲ, ಬಿಸಿಲಿಗೆ ಒಗ್ಗುತ್ತಿರುವ ಲಕ್ಷಣ. ಬಿಳಿಚಿ ಆಮೇಲೆ ಕಂದಾದ ಪಟ್ಟೆ ಸುಟ್ಟ ಗಾಯ, ಅದು ಮಾಯುವುದಿಲ್ಲ. ಹೊಸ ಎಲೆ ಬಂದು ಹಳೆಯದು ಒಣಗುವವರೆಗೆ ಹಾಗೇ ಇರುತ್ತದೆ.

ಗೊಬ್ಬರ ಕಡಿಮೆ ಸಾಕು. ಜೂನ್ ಮೊದಲಿಗೆ ಬೊಡ್ಡೆಯಿಂದ ಒಂದಡಿ ಆಚೆ 2 ಕೆಜಿ ಹಳೆ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ. ಯೂರಿಯಾ ಹಾಕಿದರೆ ಎಲೆ ನೀರು ತುಂಬಿ ಮೆತ್ತಗೆ ಬೆಳೆದು ಮಳೆಗಾಲದಲ್ಲಿ ಮೊದಲು ಕೊಳೆಯುವುದು ಅದೇ. ಎಲೆಸಂದಿನ ಹಿಟ್ಟು ತಿಗಣೆಗೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಸಂಜೆ ಹೊತ್ತು ಲೀಟರಿಗೆ 5 ಮಿ.ಲೀ ಬೇವಿನೆಣ್ಣೆ ಮತ್ತು ಸ್ವಲ್ಪ ಸೋಪು ಬೆರೆಸಿ ಸಿಂಪಡಿಸಿ. ಎಲೆಯ ಮೇಲೆ ಕಿತ್ತಳೆ ಚುಕ್ಕೆ ಎದ್ದು ಕಪ್ಪಾದರೆ ತುಕ್ಕು ರೋಗ. ಆ ಎಲೆ ತೆಗೆದು ಸುಟ್ಟು, ತಾಮ್ರದ ಆಕ್ಸಿಕ್ಲೋರೈಡನ್ನು ಲೀಟರಿಗೆ 3 ಗ್ರಾಂನಂತೆ ಒಮ್ಮೆ ಹೊಡೆದರೆ ಸಾಕು. ಬೊಡ್ಡೆಗೆ ಜೋತುಬೀಳುವ ಒಣ ಎಲೆಗಳನ್ನು ಸೌಂದರ್ಯಕ್ಕೆಂದು ಪೂರ್ತಿ ಕೀಳಬೇಡಿ, ಅವು ಬೊಡ್ಡೆಯನ್ನು ಬಿಸಿಲಿನಿಂದ ಕಾಯುತ್ತವೆ. ಆದರೆ ನಮ್ಮ ಕೆಮ್ಮಣ್ಣಿನಲ್ಲಿ ಗೆದ್ದಲು ಒಣ ಎಲೆ ಹಿಡಿದೇ ಮೇಲೇರುತ್ತದೆ. ನೆಲದಿಂದ ಒಂದು ಗೇಣು ಎತ್ತರದವರೆಗೆ ಮಾತ್ರ ಸವರಿಬಿಡಿ.

ಮರಿಯ ಆಸೆ ಬೇಡ. ಮಾಮೂಲಿ ಲೋಳೆಸರದಂತೆ ಇದು ಬುಡದಲ್ಲಿ ಮರಿ ಹಾಕುವುದಿಲ್ಲ, ಬೀಜವೇ ದಾರಿ. ಆಲೋಗಳು ಬಹುಪಾಲು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲವಾದ್ದರಿಂದ ಒಂಟಿ ಗಿಡದಲ್ಲಿ ಬೀಜ ಸಿಗುವುದು ಕಷ್ಟ. ಹತ್ತಿರದಲ್ಲಿ ಬೇರೆ ಜಾತಿಯ ಆಲೋ ಹೂಬಿಟ್ಟಿದ್ದರೆ ಸಿಗುವ ಬೀಜ ಬೆರಕೆಯಾಗಿರುತ್ತದೆ. ಇನ್ನೊಂದು ತ್ರಾಸ್ಕಿಯೈ ಸಂಪಾದಿಸಿ ಎರಡೂ ಹೂಬಿಟ್ಟಾಗ ಮೃದು ಕುಂಚದಿಂದ ಪರಾಗ ದಾಟಿಸುವುದು ಸರಿಯಾದ ಕ್ರಮ. ಕಾಯಿ ಕಂದಾಗಿ ಬಿರಿಯುವ ಮುಂಚೆ ಕೊಯ್ದು, ಅದೇ ವರ್ಷ ಬಿತ್ತಿ. ತೊಳೆದ ಮರಳಿನ ಮೇಲೆ ಹರಡಿ 2–3 ಮಿ.ಮೀ ಮರಳು ಮುಚ್ಚಿ, ಮೊಳಕೆ ಕಾಣುವವರೆಗೆ ತೇವ ಆರದಂತೆ ನೋಡಿಕೊಳ್ಳಿ. ಮೂರು ನಾಲ್ಕು ವಾರ ಬೇಕಾಗುತ್ತದೆ. ಸಸಿ ಎರಡಿಂಚು ಆದಮೇಲೆ ಬೇರೆ ಮಾಡಿ. ಹೂ ನೋಡಲು ಅಲ್ಲಿಂದ ಹಲವು ವರ್ಷ ಕಾಯಬೇಕು. ಹೊರದೇಶದಿಂದ ಗಿಡ ತರಿಸುವ ಯೋಚನೆಯಿದ್ದರೆ ಒಂದು ಎಚ್ಚರಿಕೆ: ಮಾಮೂಲಿ ಲೋಳೆಸರವೊಂದನ್ನು ಬಿಟ್ಟು ಆಲೋ ಜಾತಿಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ, ಪರವಾನಗಿಯಿಲ್ಲದೆ ತರುವಂತಿಲ್ಲ.

ಲೋಳೆಯನ್ನು ತಿನ್ನಬೇಡಿ, ಮಜ್ಜಿಗೆಗೆ ಬೆರೆಸಿ ಕುಡಿಯಬೇಡಿ, ಮುಖಕ್ಕೂ ಬೇಡ. ಮನೆಮದ್ದಿಗೆ ಬಳಸಿ ಗೊತ್ತಿರುವುದು ಮಾಮೂಲಿ ಲೋಳೆಸರ. ಅದರಲ್ಲೂ ಸಿಪ್ಪೆಯಡಿಯ ಹಳದಿ ಹಾಲನ್ನು ಬಸಿದು ತೆಗೆಯುತ್ತಾರೆ, ಆ ಹಾಲು ಹೊಟ್ಟೆಗೆ ಹೋದರೆ ಭೇದಿ ಗ್ಯಾರಂಟಿ. ತ್ರಾಸ್ಕಿಯೈಗೆ ಅಂಥ ಬಳಕೆಯ ರೂಢಿಯಿಲ್ಲ. ಮೇಲಾಗಿ ಒಂಟಿ ಸುಳಿಯ ಗಿಡದಿಂದ ಹಸಿ ಎಲೆ ಕೊಯ್ದರೆ ಆ ಗಾಯದಿಂದಲೇ ಕೊಳೆ ಬೊಡ್ಡೆಗೆ ಇಳಿಯಬಹುದು. ಮದ್ದಿಗೆ ಬೇಕಿದ್ದರೆ ಅದೇ ದಿಬ್ಬದ ಇಳಿಜಾರಿನಲ್ಲಿ ಮಾಮೂಲಿ ಲೋಳೆಸರದ ನಾಲ್ಕು ಮರಿ ಊರಿ. ತ್ರಾಸ್ಕಿಯೈ ಬೊಡ್ಡೆಯಿಂದ ಮೂರಡಿ ಅಂತರ ಬಿಟ್ಟು, ಅವು ಹಬ್ಬಿ ಬುಡಕ್ಕೆ ಬಂದಾಗಲೆಲ್ಲ ಕಿತ್ತು ಹಂಚಿಬಿಡಿ.